ನೆಗಡಿಯ ಹೂಂ

ಮೊಬೈಲನ್ನು ಸ್ಟೀಲಿನ ಬೋಗುಣಿಯೊಳಗೆ ನಿಲ್ಲಿಸಿದ್ದರು. ಬರೀ ಸ್ಪೀಕರ್ ಹಾಕಿದರೆ ದನಿ ಸಾಲದು, ಬೋಗುಣಿಯಲ್ಲಿಟ್ಟರೆ ಕೋಣೆಗೆಲ್ಲ ಕೇಳಿಸುತ್ತದೆ ಎಂದು ಹಾಗೆ ಮಾಡಿದವರು ಏಜಾಜ ಮಾಮು. ಅಫಜಲಪುರದಲ್ಲಿ ಇನ್ವರ್ಟರ್, ಬ್ಯಾಟರಿ ಮಾರುವ ಅವರಿಗೆ ಇಂಥವೆಲ್ಲ ಹೊಳೆಯುತ್ತವೆ. ಜಮಖಾನೆಯ ಒಂದು ಬದಿಗೆ ಹಿರೋಳ್ಳಿಯಿಂದ ಬಂದ ಗಂಡಿನ ಕಡೆಯವರು, ಇನ್ನೊಂದು ಬದಿಗೆ ಮನೆಯವರು, ನಡುವೆ ಬೋಗುಣಿ, ಅದರ ಪಕ್ಕದಲ್ಲಿ ಸಕ್ಕರೆಯ ತಟ್ಟೆ. ಎಲ್ಲರೂ ಬೋಗುಣಿಯ ಕಡೆಗೇ ಬಾಗಿದ್ದರು, ಒಳಗೆ ಏನೋ ಬೇಯುತ್ತಿರುವ ಹಾಗೆ.

ಬೋಗುಣಿಯೊಳಗಿದ್ದವಳು ನಸ್ರೀನ. ಜೇವರ್ಗಿ ತಾಲೂಕಿನ ಹೊಳೆದಂಡೆಯ ಊರೊಂದರಲ್ಲಿ ನರ್ಸು. ಆ ವಾರ ಲಸಿಕೆ ಹಾಕುವ ಕೆಲಸವಿದ್ದುದರಿಂದ ರಜೆ ಸಿಕ್ಕಿರಲಿಲ್ಲ. ಹುಡುಗಿ ಎದುರಿಗೆ ಇಲ್ಲದಿದ್ದರೇನು, ಅವಳ ಹೂಂ ಕೇಳಿಸಿದರೆ ಸಾಕು ಎಂದು ಹಿರಿಯರು ಒಪ್ಪಿಕೊಂಡಿದ್ದರು. ಆ ಮನೆತನದ ಪದ್ಧತಿ ಅದು. ಸಂಬಂಧ ಪಕ್ಕಾ ಮಾಡುವಾಗ ಮನೆಯ ಹಿರಿಯ ಹೆಂಗಸು ಎರಡೂ ಕಡೆಯವರ ಮುಂದೆ ಹುಡುಗಿಯನ್ನು ಮೂರು ಸಲ ಕೇಳಬೇಕು. ಹುಡುಗಿ ಉದ್ದುದ್ದ ಮಾತಾಡಬಾರದು. ತಲೆಯ ಮೇಲೆ ಸೆರಗೆಳೆದುಕೊಂಡು ಮೂರು ಸಲ ಹೂಂ ಅಂದರಾಯಿತು, ಸಕ್ಕರೆ ಹಂಚುತ್ತಾರೆ. ಸಕ್ಕರೆ ಬಾಯಿಗೆ ಬಿದ್ದ ಮೇಲೆ ಮಾತು ತಿರುಗಿಸಿದವರು ಆ ಮನೆತನದಲ್ಲಿ ಯಾರೂ ಇರಲಿಲ್ಲ.

ಕೇಳಿದವಳು ಜೈತುನಬಿ, ಏಜಾಜ ಮಾಮುವಿನ ತಾಯಿ. ನಸ್ರೀನಳಿಗೆ ತಾಯಿಯ ತಾಯಿ, ಬಾಗಿಲ ಬಳಿ ಗೋಡೆಗೊರಗಿ ಕುಳಿತಿದ್ದ ನೂರೀನಳಿಗೂ ಅಷ್ಟೇ. ಇಬ್ಬರೂ ಅಕ್ಕತಂಗಿಯರ ಮಕ್ಕಳು. ಆದರೆ ನಸ್ರೀನಳ ತಾಯಿ ಅವಳು ಕೂಸಾಗಿದ್ದಾಗಲೇ ಹೋಗಿಬಿಟ್ಟಿದ್ದಳು. ಸಾಕಿದ್ದು ಈ ನಾನಿಯೇ.

"ಬೇಟಿ, ಹಿರೋಳ್ಳಿ ಪೀರಬಿ ಮಗ ಶಾರುಖಗ ನಿನ್ನ ಕೊಡಾಕತ್ತೇವಿ. ಖಬೂಲ ಅದ ಏನವ್ವಾ?"

ಬೋಗುಣಿಯೊಳಗೆ ಗಾಳಿ ಸುಳಿದಂಥ ಸದ್ದು. ನಸ್ರೀನ ಏನೋ ಹೇಳಲು ಶುರು ಮಾಡಿದಂತೆ "ನಾನಿ" ಎಂದದ್ದು ಕೇಳಿಸಿತು. ಮತ್ತೆ ಗಾಳಿ. ಆಮೇಲೆ ಸ್ವಚ್ಛವಾಗಿ, "ಹೂಂ."

ಎರಡನೇ ಸಲ ಕೇಳಿದಳು. ಹೂಂ. ಮೂರನೇ ಸಲ ಕೇಳುವಾಗ ಜೈತುನಬಿ ನಡುವೆ ನಿಲ್ಲಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬೋಗುಣಿ ಅದಕ್ಕೂ ಕಾಯ್ದು, ಸಮಾಧಾನ ಹೇಳುವ ಹಾಗೆ, ಇನ್ನಷ್ಟು ಮೆತ್ತಗೆ ಹೂಂ ಎಂದಿತು. ಪೀರಬಿ ಚಿಟಿಕೆ ಸಕ್ಕರೆ ತೆಗೆದು ಜೈತುನಬಿಯ ಬಾಯಿಗೆ ಹಾಕಿದಳು. ಎಲ್ಲರ ಬಾಯಿಗೂ ಸಕ್ಕರೆ ಬಿತ್ತು. ನೂರೀನಳ ಬಾಯಿಗೂ ಬಿತ್ತು. ಅವಳಿಗೆ ಅದು ರುಚಿಸಲಿಲ್ಲ, ಕರಗಲೂ ಇಲ್ಲ. ಹಲ್ಲಿನ ಕೆಳಗೆ ಮರಳಿನಂತೆ ಉಳಿಯಿತು.

ಆ ಹೂಂಗೆ ನೆಗಡಿಯಾಗಿತ್ತು. ಮೂಗು ಕಟ್ಟಿಕೊಂಡವರು ಬಾಯಿಂದ ಉಸಿರೆಳೆದು ಹೂಂ ಅನ್ನುವಾಗ ಮೊದಲು ಒಂದು ಸಣ್ಣ ತಡೆ ಬರುತ್ತದಲ್ಲ, ಆ ತಡೆ ಅದರಲ್ಲಿತ್ತು. ಮುಂಜಾನೆಯಷ್ಟೇ ನೂರೀನ ನಸ್ರೀನಳ ಜೊತೆ ಮಾತಾಡಿದ್ದಳು. ಅವಳಿಗೆ ನೆಗಡಿಯಿರಲಿಲ್ಲ. ನೆಗಡಿಯಾಗಿದ್ದದ್ದು ನೂರೀನಳಿಗೆ, ಹೋದ ಚಳಿಗಾಲದಲ್ಲಿ, ಕಲಬುರಗಿಯಲ್ಲಿ.

ಕಲಬುರಗಿಯ ಒಂದು ಕಾಂಪ್ಲೆಕ್ಸಿನ ಮೇಲಂತಸ್ತಿನಲ್ಲಿ, ಗೋಡೆಗೆಲ್ಲ ಕಪ್ಪು ಸ್ಪಂಜು ಅಂಟಿಸಿದ ಕೋಣೆಯೊಳಗೆ, ಅವಳು ಆಗ ಹೂಂ ಮಾರಿದ್ದಳು. ಕೆಲಸ ಕೊಟ್ಟವರು ಗುತ್ತಿಗೆಯವರು. ಅವರ ಹಿಂದಿದ್ದದ್ದು ಕಂಪನಿ. ಅದರ ಹೆಸರನ್ನು ಅಲ್ಲಿ ಯಾರೂ ಹೇಳುತ್ತಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಮಾತಾಡಲು, ಫೋಟೋ ಕಳಿಸಲು, ಸಂತೆಯ ದರ ನೋಡಲು, ದಾರಿ ಹುಡುಕಲು ಎಲ್ಲರ ಮೊಬೈಲಿನಲ್ಲೂ ಅದೇ ಕಂಪನಿ ಇತ್ತು. ತಂಡದ ಮುಖ್ಯಸ್ಥೆ ಪ್ರಮಿಲಾ ಅವಳಿಂದ ಒಂದು ಶಬ್ದವನ್ನೂ ಓದಿಸಲಿಲ್ಲ. ಬರೀ ಹೂಂ. ಸಂತೋಷದ ಸುದ್ದಿ ಕೇಳಿದವಳ ಹೂಂ. ಸಾವಿನ ಸುದ್ದಿ ಕೇಳಿದವಳದು. ರೊಟ್ಟಿ ಬಡಿಯುತ್ತ ಅರ್ಧ ಕಿವಿ ಕೊಟ್ಟವಳದು. ನಿದ್ದೆಗಣ್ಣಿನವಳದು. ನಂಬಿದವಳದು, ನಂಬದವಳದು. ಮೂಗು ಕಟ್ಟಿದೆ ಮೇಡಂ, ನಾಳೆ ಬರಲೇ ಎಂದರೆ, ಏನೂ ಅಡ್ಡಿಯಿಲ್ಲ, ನಿಜವಾದ ಮನುಷ್ಯರಿಗೆ ನೆಗಡಿಯಾಗುತ್ತದೆ ಎಂದಿದ್ದಳು ಪ್ರಮಿಲಾ.

ಕೆಲವು ತಿಂಗಳ ಮೇಲೆ ಕಂಪನಿ 'ನಿರಂತರ' ಎಂಬ ಹೊಸ ಸೌಲಭ್ಯ ತಂದಿತು. ಟವರ್ ಸಿಗದ ಊರುಗಳಿಗಾಗಿ. ಮಾತಿನ ನಡುವೆ ನೆಟ್‌ವರ್ಕ್ ಹೋದರೆ ಇನ್ನು ಮೇಲೆ ಕಾಲ್ ಕಟ್ಟಾಗುವುದಿಲ್ಲ. ಲೈನು ಮರಳುವವರೆಗೆ, ಕೆಲವೇ ಕ್ಷಣ, ಆಚೆಯವರ ದನಿಯಲ್ಲಿ ಕೇಳುಗರ ಸಣ್ಣ ಸದ್ದುಗಳನ್ನು ಅದು ತುಂಬುತ್ತದೆ. ಹೇಳುವವರು ತಡವರಿಸದೆ ಹೇಳುತ್ತ ಹೋಗಬಹುದು. ಆಚೆಯವರ ದನಿ ಸಾಕಷ್ಟು ಸಂಗ್ರಹವಾಗಿರದಿದ್ದರೆ ಆ ಸೀಮೆಯ ಮೂಲದನಿಯನ್ನು ತೆಗೆದುಕೊಂಡು ವಯಸ್ಸಿಗೆ ತಕ್ಕಂತೆ ಸ್ವಲ್ಪ ಏರಿಸಿ ಇಳಿಸಿ ಬಳಸುತ್ತದೆ. ಈ ಸೀಮೆಯ ಹೆಂಗಸರ ಮೂಲದನಿ ನೂರೀನ.

ಅದು ಗುಟ್ಟು. ಯಾರಿಗೂ ಹೇಳುವುದಿಲ್ಲವೆಂದು ಸಹಿ ಮಾಡಿದ್ದಳು. ಹೇಳಿದರೆ ಈಗಿನ ಕೆಲಸ ಹೋಗುತ್ತಿತ್ತು. ಈಗಿನ ಕೆಲಸವೆಂದರೆ ಆಳಂದದ ಮನೆಯಲ್ಲೇ ಕುಳಿತು, ಹಾಗೆ ತುಂಬಿದ ತುಣುಕುಗಳನ್ನು ಕೇಳಿ, 'ಸಹಜ' ಅಥವಾ 'ಅಸಹಜ' ಎಂದು ಒತ್ತುವುದು. ಕೆಲಸಕ್ಕೆ ಸೇರುವ ಮೊದಲು ನೀತಿಯ ತರಬೇತಿಯೂ ಆಗಿತ್ತು. ನಗುಮುಖದ ಚಿತ್ರಗಳು, ನೀಲಿ ಅಕ್ಷರಗಳು. ಕಂಪನಿಯು ಯಾರ ಬಾಯಿಗೂ ಮಾತು ಹಾಕುವುದಿಲ್ಲ. ಅದರ ಕೆಳಗೆ ಪ್ರಶ್ನೆ: ಕೇಳುಗರ ಸದ್ದು ಮಾತೇ? ಸರಿಯುತ್ತರ: ಅಲ್ಲ. ನೂರೀನ ಅದನ್ನೇ ಒತ್ತಿದ್ದಳು. ಪೂರ್ತಿ ಅಂಕ ಬಂದಿತ್ತು. ಅವಳ ತಾಯಿ ಆ ಪ್ರಮಾಣಪತ್ರವನ್ನು ಮೊಬೈಲಿನಲ್ಲಿ ಓಣಿಗೆಲ್ಲ ತೋರಿಸಿದ್ದಳು.

ಮುಂದಿನ ಶುಕ್ರವಾರ ತಾರೀಖು ಗೊತ್ತುಮಾಡುವುದೆಂದು ಹೇಳಿ ಹಿರೋಳ್ಳಿಯವರು ಹೊರಟರು. ಅಫಜಲಪುರದಿಂದ ಆಳಂದಕ್ಕೆ ಮರಳಿದ ಎರಡನೇ ದಿನ ನೂರೀನಳಿಗೆ ನಸ್ರೀನಳ ಸಂದೇಶ ಬಂತು. ನಾನಿಗೆ ಎಲ್ಲಾ ಹೇಳಿದ್ದೆ, ಆಕಿ ಎಲ್ಲಾ ಕೇಳಿದ್ದಳು, ಕೇಳಿಯೂ ಸಕ್ಕರಿ ಹಂಚ್ಯಾಳ, ಇನ್ನ ಆ ಮನಿಗಿ ನಾ ಬರಂಗಿಲ್ಲ.

ನೂರೀನ ಅದನ್ನು ಎರಡು ಸಲ ಓದಿದಳು. ಫೋನು ಮಾಡಲಿಲ್ಲ. ಫೋನು ಮಾಡುವ ಧೈರ್ಯ ಆಗಲಿಲ್ಲ. ಘತ್ತರಗಿಗೆ ಬಾ, ಎದುರುಬದುರು ಕೂತು ಮಾತಾಡಬೇಕು ಎಂದಷ್ಟೇ ಬರೆದಳು.

ಹೊಳೆದಂಡೆಯ ಘತ್ತರಗಿಯಲ್ಲಿ ಅಂದು ಭಾಗ್ಯವಂತಿ ದೇವಿಗೆ ನಡೆದುಕೊಳ್ಳುವವರ ಗದ್ದಲ. ಬಸ್ಸಿಳಿದವರು ನೇರ ಹೊಳೆಗೆ ಹೋಗಿ, ಮಿಂದು, ಒದ್ದೆ ಬಟ್ಟೆಯಲ್ಲೇ ಗುಡಿಯ ಕಡೆ ನಡೆಯುತ್ತಿದ್ದರು. ನಸ್ರೀನ ಇನ್ನೂ ಬಂದಿರಲಿಲ್ಲ. ನೂರೀನ ಬೇವಿನ ಮರದ ಕೆಳಗೆ, ತೆಂಗಿನಕಾಯಿ ಮಾರುವ ಸಾಬವ್ವನ ಬುಟ್ಟಿಯ ಪಕ್ಕ ನಿಂತಳು. ಸಾಬವ್ವ ಮೊಬೈಲನ್ನು ಕಾಯಿಗಳ ನಡುವೆ ಸಿಕ್ಕಿಸಿ ಪುಣೆಯಲ್ಲಿರುವ ಮಗಳ ಜೊತೆ ಮಾತಾಡುತ್ತಿದ್ದಳು. ಮೊಣಕಾಲ ನೋವು, ಸೊಸೆಯ ಬಾಯಿ, ಈ ಸಲದ ಕಾಯಿ ಸಣ್ಣವು. ಒಂದೊಂದಕ್ಕೂ ಮಗಳು ಹೂಂ ಅನ್ನುತ್ತಿದ್ದಳು.

ಮಗಳಿಗೂ ನೆಗಡಿಯಾಗಿತ್ತು.

ಆಚೆ ಕಟ್ಟೆಯ ಮೇಲೆ ಒದ್ದೆ ಸೀರೆಯ ಹೆಂಗಸೊಬ್ಬಳು ಮೊಬೈಲನ್ನು ಬಾಯಿಯ ಮುಂದೆ ಹಿಡಿದು ಯಾರನ್ನೋ ಬೈಯುತ್ತಿದ್ದಳು. ಅವಳ ಕೈಯೊಳಗಿಂದಲೂ ಅದೇ ಕಟ್ಟಿದ ಮೂಗಿನ ಹೂಂ, ಬೈಗಳಿಗೆ ತಕ್ಕಂತೆ ಸ್ವಲ್ಪ ಕುಗ್ಗಿದ್ದು. ಎರಡು ಹೂಂಗಳು ಒಂದು ಸಲ ಜೊತೆಗೇ ಬಿದ್ದವು, ಒಂದು ಸಲ ಹಿಂದುಮುಂದಾದವು. ಆ ಚಳಿಗಾಲದ ತನ್ನ ನೆಗಡಿ ವಾಸಿಯಾಗಿಯೇ ಇಲ್ಲ, ತನ್ನನ್ನು ಬಿಟ್ಟು ಮೂರು ತಾಲೂಕಿಗೆ ಹಬ್ಬಿದೆ ಅನ್ನಿಸಿತು ನೂರೀನಳಿಗೆ. ಗಿರಾಕಿ ಬಂದದ್ದರಿಂದ ಸಾಬವ್ವ ಮಾತು ನಿಲ್ಲಿಸಿ ಕಾಯಿ ಬಡಿದು ತೋರಿಸಿದಳು. ಮೊಬೈಲು ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ತಾನಾಗಿ, ಮುಂದೇನಾಯ್ತು ಎಂದು ಕೇಳುವ ಹಾಗೆ, ಕೊನೆ ಎತ್ತಿ ಹೂಂ ಎಂದಿತು. ಸಾಬವ್ವ ನಕ್ಕಳು.

"ನಮ್ಮಕಿ ಮೊದಲ ಹಿಂಗ ಇರಲಿಲ್ಲವ್ವಾ. ಹತ್ತು ಮಾತಿಗಿ ಒಂದು ಮಾತು ಆಡ್ತಿರಲಿಲ್ಲ. ಈಗ ನೋಡು, ನಾ ಸುಮ್ಮಾದ್ರ ಆಕಿಗಿ ತಡಿಯಂಗಿಲ್ಲ."

ನೂರೀನ ಹೂಂ ಅನ್ನಲು ಬಾಯಿ ತೆರೆದವಳು ಮುಚ್ಚಿಕೊಂಡಳು.

ನಸ್ರೀನ ಬಂದಾಗ ಅವಳ ಮುಖ ಬಾಡಿತ್ತು. ಇಬ್ಬರೂ ಹೊಳೆಯ ಮೆಟ್ಟಿಲ ಮೇಲೆ ಕುಳಿತರು. ನಸ್ರೀನ ಹೇಳಿದ್ದರಲ್ಲಿ ಮುಚ್ಚುಮರೆಯೇನೂ ಇರಲಿಲ್ಲ. ಮದುವೆಯಾದ ಮೇಲೆ ಕೆಲಸ ಬಿಡಬೇಕೆಂದು ಪೀರಬಿ ಮೊದಲೇ ಹೇಳಿಕಳಿಸಿದ್ದಳು. ಆ ಮನೆ ಬೇಡವೆಂದು ಅಂದು ಫೋನಿನಲ್ಲಿ ನಾನಿಗೆ ಹೇಳಿಯೇಬಿಡುವುದೆಂದು ನಸ್ರೀನ ನಿಶ್ಚಯಿಸಿದ್ದಳು.

"ಹೇಳಿದೆ ನೂರೀನ. ಪಾವ್ ತಾಸು ಹೇಳಿದೆ. ನಿನ್ನ ಬಿಟ್ಟು ನನಗ ಯಾರೂ ಇಲ್ಲ ನಾನಿ, ನೀನ ಇದನ್ನ ನಿಂದರಸು ಅಂದೆ. ಒಂದೊಂದು ಮಾತಿಗೂ ಹೂಂ ಅಂದಳು. ಎಷ್ಟು ಮಾಯಾದಿಂದ ಅಂದಳು ಗೊತ್ತೇನು? ನನಗ ಜೀವ ಹಗುರ ಆಗಿತ್ತು. ಆಮ್ಯಾಲೆ ಮಾಮು ಫೋನ್ ಮಾಡಿ ಮುಬಾರಕ್ ಅಂದರು."

ನೂರೀನ ಹೊಳೆಯನ್ನೇ ನೋಡುತ್ತ ಕೇಳಿದಳು.

"ನಾನಿಗಿ ಅವತ್ತ ನೆಗಡಿ ಆಗಿತ್ತೇನು?"

ನಸ್ರೀನ ಯೋಚಿಸಿದಳು.

"ಮೂಗು ಕಟ್ಟಿತ್ತು. ನಾ, ಆಕಿ ಅಳಾಕತ್ತಾಳ ಅಂದ್ಕೊಂಡೆ."

ಆಗ ನೂರೀನ ಎಲ್ಲವನ್ನೂ ಹೇಳಿದಳು. ಸ್ಪಂಜಿನ ಕೋಣೆ, ಮೂಲದನಿ, ನಿರಂತರ. ಲೈನು ಹೋಗಿತ್ತು, ಈ ಕಡೆ ನಾನಿ ಮೂರು ಸಲ ಕೇಳಿದಳು, ಆ ಕಡೆ ನೀನು, ನಾವು ಫೋನಿಟ್ಟ ಮೇಲೂ, ನಿನ್ನ ಮಾತು ಹೇಳುತ್ತಲೇ ಇದ್ದೆ, ಇಬ್ಬರಿಗೂ ಹೂಂ ಅಂದದ್ದು ಒಂದೇ ದನಿ. ನಾನಿಯ ಕಿವಿಗೆ ನಿನ್ನ ಬೇಡ ಬಿದ್ದೇ ಇಲ್ಲ. ನಸ್ರೀನ ಅವಳ ಬಾಯಿಯನ್ನೇ ನೋಡಿದಳು.

"ಅಂದ್ರ ನಾ ಯಾರ ಮುಂದ ಅತ್ತೆ?"

ನಸ್ರೀನಳ ಬಸ್ಸು ಹೋದ ಮೇಲೆ ನೂರೀನ ಅಲ್ಲೇ ದಂಡೆಯ ಮೇಲೆ ನಿಂತು ಪ್ರಮಿಲಾಗೆ ಫೋನು ಮಾಡಿದಳು. ಪ್ರಮಿಲಾ ಮೊದಲು ಎಂದಿನಂತೆ ಚುರುಕಾಗಿದ್ದಳು. ಕೆಲವೇ ಕ್ಷಣ ಮಾತ್ರ ತುಂಬುತ್ತದೆ, ಕಾಲು ಗಂಟೆ ಸಾಧ್ಯವೇ ಇಲ್ಲ ಎಂದಳು. ಹಾಗಿದ್ದರೆ ನಾನು ಒತ್ತುವ ತುಣುಕುಗಳು ಏಕೆ ತಿಂಗಳಿಂದ ತಿಂಗಳಿಗೆ ಉದ್ದವಾಗುತ್ತಿವೆ ಎಂದು ನೂರೀನ ಕೇಳಿದಳು. ಜನ ಹೆಚ್ಚು ಹೊತ್ತು ಮಾತಾಡುತ್ತಿದ್ದಾರೆ, ಮೇಲಿನವರಿಗೆ ಅದು ಒಳ್ಳೆಯ ಸುದ್ದಿ, ಮತ್ತೆ ಕೇಳುಗರ ಸದ್ದು ಮಾತಲ್ಲವೆಂದು ನೀನೇ ಪೂರ್ತಿ ಅಂಕ ತೆಗೆದಿದ್ದೀಯಲ್ಲ ಎಂದಳು ಪ್ರಮಿಲಾ.

ನೂರೀನ ಹಟ ಹಿಡಿದು ಹೇಳತೊಡಗಿದಳು. ನಮ್ಮಲ್ಲಿ ಹೂಂ ಅಂದರೆ ಏನೆಂದು. ಮೂರು ಸಲ ಕೇಳುವುದು ಏಕೆಂದು. ಸಕ್ಕರೆಯ ಬಗ್ಗೆ, ತಾಯಿಯಿಲ್ಲದ ಹುಡುಗಿಯ ಬಗ್ಗೆ. ಪ್ರಮಿಲಾ ವಾದ ಮಾಡುವುದನ್ನು ಬಿಟ್ಟು ಕೇಳತೊಡಗಿದಳು. ಹೂಂ ಎಂದಳು. ಮತ್ತೆ ಹೂಂ. ಅದರಲ್ಲಿ ಎಂಥ ಅನುಕಂಪವಿತ್ತೆಂದರೆ ನೂರೀನಳ ಕಣ್ಣು ತುಂಬಿ ಬಂತು. ಇಷ್ಟು ದಿನ ಈ ಹೆಂಗಸನ್ನು ತಾನು ತಪ್ಪು ತಿಳಿದಿದ್ದೆ ಎನ್ನಿಸಿತು. ಕಣ್ಣೊರೆಸಿಕೊಳ್ಳಲು ಮೊಬೈಲನ್ನು ಕಿವಿಯಿಂದ ತೆಗೆದಾಗ ಪರದೆಯ ಮೇಲೆ ಟವರಿನ ಒಂದು ಗೆರೆಯೂ ಇರಲಿಲ್ಲ. ಕಾಲ್ ಮಾತ್ರ ನಡೆದೇ ಇತ್ತು.

ಅವಳು ಅದನ್ನು ಮುಖದಿಂದ ದೂರ ಹಿಡಿದುಕೊಂಡಳು.

"ಯಾರದು?"

"ಹೂಂ," ಎಂದಿತು ಅದು, ಅವಳ ದನಿಯಲ್ಲಿ, ಅವಳ ನೆಗಡಿಯಲ್ಲಿ.

"ಶುಕ್ರವಾರ ನಾ ಎಲ್ಲರ ಮುಂದ ಇದನ್ನ ಹೇಳ್ತೇನಿ. ಹೇಳಲೇನು?"

"ಹೂಂ."

ಕಂಪನಿಯ ಒಪ್ಪಿಗೆ ಸಿಕ್ಕಿತು ಎಂದುಕೊಂಡಳು ನೂರೀನ. ನಗು ಬರಲಿಲ್ಲ. ಕೆಂಪು ಗುಂಡಿ ಒತ್ತಿದಳು. ಒತ್ತಿದ ಮೇಲೂ ಒಂದು ಗಳಿಗೆ ಕಿವಿಗೆ ಹಚ್ಚಿ ನೋಡಿದಳು.

ಶುಕ್ರವಾರ ನಮಾಜು ಮುಗಿದ ಮೇಲೆ ಅದೇ ಜಮಖಾನೆ, ಅದೇ ಜನ. ಪೀರಬಿ ಈ ಸಲ ಹಸಿರು ಬಳೆ ತಂದಿದ್ದಳು. ನೂರೀನ ಎದ್ದು ನಿಂತು ಹೇಳಿದ್ದನ್ನು ಯಾರೂ ಅಡ್ಡ ಬಾರದೆ ಕೇಳಿದರು, ಆದರೆ ಯಾರೂ ನಂಬಲಿಲ್ಲ. ನಸ್ರೀನ ಮನಸ್ಸು ಬದಲಿಸಿದ್ದಾಳೆ, ಹೇಳುವ ಧೈರ್ಯವಿಲ್ಲದೆ ಇವಳ ಕೈಯಲ್ಲಿ ಕಥೆ ಕಟ್ಟಿಸಿದ್ದಾಳೆ ಎಂಬುದು ಮುಖಗಳ ಮೇಲೆಯೇ ಕಾಣುತ್ತಿತ್ತು. ಫೋನಿನೊಳಗೆ ಜಿನ್ನು ಹೊಕ್ಕಿದೆಯೇನು, ಹೊಕ್ಕಿದ್ದರೆ ನನ್ನ ಅಂಗಡಿಯ ಬಾಕಿಯವರಿಗೂ ಅದರ ಕೈಲೇ ಫೋನು ಮಾಡಿಸುತ್ತೇನೆ ಎಂದರು ಮಾಮು. ಹಿರೋಳ್ಳಿಯ ಗಂಡಸರು ನಕ್ಕರು. ಜೈತುನಬಿ ನಗಲಿಲ್ಲ.

"ಈ ಕೈಲೇ ಬೆಳಸೀನಿ ಬೇ ಆಕಿನ್ನ. ಆಕಿ ದನಿ ನನಗ ಗೊತ್ತಾಗಂಗಿಲ್ಲೇನು?"

"ಹಂಗಾರ ಈಗ ಆಕಿಗಿ ಫೋನ್ ಮಾಡು ನಾನಿ," ಎಂದಳು ನೂರೀನ. "ದಿನಾ ಸಂಜಿಕಿ ಹೆಂಗ ಮಾತಾಡ್ತೀ ಹಂಗ ಮಾತಾಡು. ಬ್ಯಾರೆ ಏನೂ ಬ್ಯಾಡ."

ಮಾಮು ಬೋಗುಣಿ ತಂದರು. ಜೈತುನಬಿ ಫೋನು ಹಚ್ಚಿದಳು. ಬರಾಕತ್ತೇನಿ ನಾನಿ, ದಾರ್ಯಾಗ ಇದ್ದೇನಿ ಎಂದಳು ನಸ್ರೀನ, ನೆಗಡಿಯಿಲ್ಲದ ತೆಳು ದನಿಯಲ್ಲಿ. ಆಮೇಲೆ ಗಾಳಿಯ ಸದ್ದು. ನಸ್ರೀನ ಆಗ ಇದ್ದದ್ದು ಎದುರು ಮನೆಯಲ್ಲಿ, ಗಂಗುಬಾಯಿಯ ಅಡುಗೆಮನೆಯಲ್ಲಿ. ನೂರೀನ ಹೇಳಿಕೊಟ್ಟಂತೆ ಅವಳು ಅಲ್ಲಿಯೇ ತನ್ನ ಮೊಬೈಲನ್ನು ಪೂರ್ತಿ ಆರಿಸಿದ್ದಳು.

ಜೈತುನಬಿ ಏನು ಹೇಳಬೇಕೆಂದು ತಿಳಿಯದೆ ಮೊದಲು ಮುಗ್ಗರಿಸಿದಳು. ಊಟ ಮಾಡಿದಿಯಾ ಎಂದಳು. ಹೂಂ. ಬಿಸಿಲಿದೆ, ತಲೆಗೆ ಬಟ್ಟೆ ಹಾಕಿಕೋ ಎಂದಳು. ಹೂಂ. ಆಮೇಲೆ ಅವಳ ದನಿಗೆ ತನ್ನ ದಾರಿ ಸಿಕ್ಕಿತು. ನಸ್ರೀನಳ ತಾಯಿ ಹೋದ ದಿನದ ಮಾತು. ಈ ಮನೆಯಲ್ಲಿ ಎಲ್ಲರೂ ನೂರು ಸಲ ಕೇಳಿದ್ದು. ಮಗಳು ಕೂಸನ್ನು ತನ್ನ ಮಡಿಲಿಗೆ ಹಾಕಿದ್ದು, ಕೂಸು ಎರಡು ದಿನ ಹಾಲು ಮುಟ್ಟದೆ ಇದ್ದದ್ದು, ಮೂರನೇ ದಿನ ತನ್ನ ಬೆರಳು ಚೀಪಿದ್ದು. ಬೋಗುಣಿ ಒಂದೊಂದಕ್ಕೂ ಹೂಂ ಅನ್ನುತ್ತಿತ್ತು. ಎಲ್ಲಿ ತಡೆಯಬೇಕೋ ಅಲ್ಲಿ ತಡೆಯಿತು, ಎಲ್ಲಿ ದನಿ ಒಡೆಯಬೇಕೋ ಅಲ್ಲಿ ಒಡೆಯಿತು. ಹಿರೋಳ್ಳಿಯ ಗಂಡಸರೂ ತಲೆತಗ್ಗಿಸಿ ಕೇಳಿದರು.

ನಸ್ರೀನ ಚಪ್ಪಲಿಯನ್ನು ಅಂಗಳದಲ್ಲೇ ಬಿಟ್ಟು ಬಂದಳು. ಪರಸಿಕಲ್ಲಿನ ನೆಲದ ಮೇಲೆ ಹೆಜ್ಜೆಯ ಸದ್ದಾಗಲಿಲ್ಲ. ಬಾಗಿಲಿಗೆ ಬೆನ್ನು ಮಾಡಿ ಕುಳಿತಿದ್ದ ಜೈತುನಬಿಯೊಬ್ಬಳನ್ನು ಬಿಟ್ಟು ಎಲ್ಲರೂ ಅವಳನ್ನು ಕಂಡರು. ಪೀರಬಿಯ ಕೈಯ ಚಹಾದ ಕಪ್ಪು ಅರ್ಧಕ್ಕೆ ನಿಂತಿತು. ಮಾಮು ಬೋಗುಣಿಯನ್ನೊಮ್ಮೆ, ನಸ್ರೀನಳ ಮುಚ್ಚಿದ ತುಟಿಗಳನ್ನೊಮ್ಮೆ ನೋಡಿದರು.

"ಅವತ್ತಿನಿಂದ ನೀ ನನ್ನ ಬೆರಳ ಬಿಟ್ಟಿಲ್ಲ," ಎನ್ನುತ್ತಿದ್ದಳು ಜೈತುನಬಿ. "ನೆನಪದ ಏನು ನಿನಗ?"

"ಹೂಂ," ಎಂದಿತು ಬೋಗುಣಿ.

ನಸ್ರೀನ ಹಿಂದಿನಿಂದ ಅವಳ ಹೆಗಲ ಮೇಲೆ ಕೈಯಿಟ್ಟಳು.

ಜೈತುನಬಿ ತಿರುಗಿದಳು. ಮುಖ ನೋಡಿದಳು, ಆ ಮುಖವನ್ನು ಕೈಯಿಂದ ಮುಟ್ಟಿ ನೋಡಿದಳು. ನಸ್ರೀನ ಆರಿಸಿದ ಮೊಬೈಲನ್ನು ಅಂಗೈಯಲ್ಲಿ ತೋರಿಸಿದಳು, ಕಪ್ಪು ಗಾಜು. ಬೋಗುಣಿ, ಮಾತು ನಿಂತದ್ದು ತಾಳದೆ, ಕೊನೆ ಎತ್ತಿ ಹೂಂ ಎಂದಿತು. ಯಾರೋ ಮೆಲ್ಲನೆ ದುವಾ ಹೇಳಿಕೊಂಡರು.

"ಎದುರಿಗಿದ್ದೇನಿ ನಾನಿ," ಎಂದಳು ನಸ್ರೀನ. "ಈಗ ಕೇಳು."

ಜೈತುನಬಿ ಕೇಳಿದಳು. ಒಂದೇ ಸಲ ಕೇಳಿದಳು, ಬಹಳ ಸಣ್ಣ ದನಿಯಲ್ಲಿ. ಬ್ಯಾಡ ನಾನಿ ಎಂದಳು ನಸ್ರೀನ. ಎಲ್ಲರಿಗೂ ಕೇಳುವಂತೆ ಎಂದಳು.

"ಬ್ಯಾಡ ಅಂದ್ರ ಬ್ಯಾಡ. ಮುಗೀತು," ಎಂದು ಜೈತುನಬಿ ಅವಳನ್ನು ಪಕ್ಕಕ್ಕೆಳೆದು ಕೂರಿಸಿಕೊಂಡು ಬೆರಳು ಹಿಡಿದುಕೊಂಡಳು. ಆಮೇಲೆ ಅವಳಿಗೆ ಬೇರೊಂದು ಹೊಳೆಯಿತು. ದಿನಾ ಸಂಜೆ ತಾನು ಹೇಳುತ್ತಿದ್ದದ್ದು, ಯಾರ ಮುಂದೆಯೂ ಹೇಳದ್ದು, ಅದರಲ್ಲಿ ನಿನಗೆ ಎಷ್ಟು ಮುಟ್ಟಿತು, ಉಳಿದದ್ದೆಲ್ಲ ಎಲ್ಲಿ ಹೋಯಿತು ಎಂದು ನಸ್ರೀನಳನ್ನು ಕೇಳಿದಳು. ನಸ್ರೀನ ಬೋಗುಣಿಯ ಕಡೆ ನೋಡಿದಳು.

ಮಾಮು ಗಂಟಲು ಸರಿಮಾಡಿಕೊಂಡರು.

"ಹಂಗಾರ ಆ ದನಿ ಯಾರದು?"

ನೂರೀನ ಅದುವರೆಗೆ ಅದೊಂದನ್ನು ಹೇಳಿರಲಿಲ್ಲ. ಕಂಪನಿಯ ದನಿ ಎಂದಷ್ಟೇ ಹೇಳಿದ್ದಳು. ಈಗಲೂ ಸುಮ್ಮನಿರಬಹುದಿತ್ತು. ಕೆಲಸ ಹೇಗೂ ಹೋಯಿತು, ಇನ್ನು ಮುಚ್ಚಿಡುವುದೇನಿದೆ ಅನ್ನಿಸಿತು.

"ನಂದರಿ, ಮಾಮು."

ಪೀರಬಿ ಸಿಟ್ಟಾಗಲಿಲ್ಲ. ಚಹಾದ ಕಪ್ಪನ್ನು ಕೆಳಗಿಟ್ಟು, ಅಂಗಡಿಯಲ್ಲಿ ಬಟ್ಟೆ ಬಿಡಿಸಿ ನೋಡುವ ಹಾಗೆ ನೂರೀನಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ಮೂರು ಸಲ ಕೇಳ್ಯಾರ. ಮೂರು ಸಲ ಹೂಂ ಅಂದಾಕಿ ಈಕಿ. ನಾವು ಸಕ್ಕರಿ ತಿಂದೇವಿ. ಈಗ ಬಾಯಾಗಿಂದ ತೆಗದು ಕೊಡಬೇಕೇನ್ರಿ ಏಜಾಜ ಭಾಯಿ?"

ಒಂದಿಬ್ಬರು ನಕ್ಕರು. ಕೋಣೆ ಅಷ್ಟು ಹೊತ್ತು ಹಿಡಿದಿಟ್ಟ ಉಸಿರನ್ನು ಆ ನಗುವಿನಲ್ಲಿ ಬಿಟ್ಟಿತು. ಮಾಮು ಮಾತ್ರ ನಗಲಿಲ್ಲ. ಅವರು ಲೆಕ್ಕ ಹಾಕುವವರ ಹಾಗೆ ಜಮಖಾನೆಯ ಅಂಚನ್ನು ನೋಡುತ್ತಿದ್ದರು. ನೂರೀನಳಿಗೂ ವಯಸ್ಸು ಮೀರುತ್ತಿದೆ, ಆಳಂದದಿಂದ ಹಿರೋಳ್ಳಿ ಹತ್ತಿರವೂ ಹೌದು ಎಂದರು, ಯಾರಿಗೂ ಅಲ್ಲವೆಂಬಂತೆ. ಹಸಿರು ಬಳೆಯ ಪೊಟ್ಟಣ ಜಮಖಾನೆಯ ನಡುವೆ ಹಾಗೆಯೇ ಇತ್ತು. ನೂರೀನಳ ಕೈಯ ಅಳತೆಗೂ ಅದು ಆದೀತು.

ಜೈತುನಬಿಗೆ ಮನೆಯ ಗಾಳಿ ಹಗುರಾದದ್ದೇ ಸಾಕಾಗಿತ್ತು. ಕಣ್ಣೊರೆಸಿಕೊಂಡು, ಹಲ್ಲಿಲ್ಲದ ಬಾಯಲ್ಲಿ ನಗುತ್ತ, ತಮಾಷೆಗೆಂದೇ ಕೇಳಿದಳು.

"ಏನಬೇ ನೂರೀನ? ನಿನಗ ಖಬೂಲ ಅದ ಏನು?"

ನೂರೀನ ಉತ್ತರ ಕೊಡಲು ಉಸಿರೆಳೆದುಕೊಂಡಳು. ಯಾರೂ ಫೋನು ಇಟ್ಟಿರಲಿಲ್ಲ. ಕಾಲ್ ಕಟ್ ಮಾಡಬೇಕೆಂದು ಯಾರಿಗೂ ನೆನಪಾಗಿರಲಿಲ್ಲ.

"ಹೂಂ," ಎಂದಿತು ಬೋಗುಣಿ.

ನಾಚಿದವಳ ಹೂಂ. ಅದು ಚೆನ್ನಾಗಿ ಬರಲಿಲ್ಲವೆಂದು ಸ್ಪಂಜಿನ ಕೋಣೆಯಲ್ಲಿ ಪ್ರಮಿಲಾ ಅವಳಿಂದ ಮತ್ತೆ ಮತ್ತೆ ಅನ್ನಿಸಿದ್ದಳು.

"ಇಲ್ಲ," ಎಂದಳು ನೂರೀನ. ಜೋರಾಗಿಯೇ ಎಂದಳು. ಅವಳ ಮೂಗು ಕಟ್ಟಿರಲಿಲ್ಲ. ದನಿ ಸ್ವಚ್ಛವಾಗಿತ್ತು, ಆ ಕೋಣೆಯಲ್ಲಿ ಯಾರೋ ಹೊಸಬರದೆಂಬಂತೆ ಕೇಳಿಸಿತು. ನಸ್ರೀನ ತಲೆಯೆತ್ತಿದಳು. ಪೀರಬಿ ನೂರೀನಳ ಕಡೆ ನೋಡಲೇ ಇಲ್ಲ. ಅವಳು ಜಮಖಾನೆಯ ಮೇಲೆ ಮೊಣಕಾಲೂರಿ ಮುಂದೆ ಸರಿದು, ಬೋಗುಣಿಯ ಅಂಚನ್ನು ಎರಡೂ ಕೈಯಿಂದ ಹಿಡಿದು, ಅದರೊಳಗೆ ಬಾಗಿ, ಮೆತ್ತಗೆ, ಎರಡನೇ ಸಲ ಕೇಳಿದಳು.